ಮುಳುಗಡೆಯವರ ಸಿನಿಮಾ

ಹಗರಿಬೊಮ್ಮನಹಳ್ಳಿ ಕಡೆ ‘ಮುಳುಗಡೆಯವರು’ ಎಂದರೆ ವಿವರಣೆ ಬೇಕಿಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಿತು, ಹತ್ತಾರು ಹಳ್ಳಿಗಳು ಹಿನ್ನೀರಿನ ಪಾಲಾದವು. ನಮ್ಮಜ್ಜಿಯ ತವರೂ ಅವುಗಳಲ್ಲೊಂದು.

ಜಿಯಾ ಝಾಂಗ್‌ಕೆ ನಿರ್ದೇಶನದ ಚೀನೀ ಚಿತ್ರ ‘ಸ್ಟಿಲ್ ಲೈಫ್’ (2006) ನನಗೆ ಹತ್ತಿರವಾದದ್ದು ಹೀಗೆ. ಹದಿನಾರು ವರ್ಷಗಳ ಹಿಂದೆ ದೂರವಾದ ಹೆಂಡತಿ, ಮಗಳನ್ನು ಹುಡುಕಿಕೊಂಡು ಗಣಿ ಕಾರ್ಮಿಕನೊಬ್ಬ ಯಾಂಗ್ತ್ಸೆ ದಂಡೆಯ ಫೆಂಗ್‌ಜಿಯೆ ಪಟ್ಟಣಕ್ಕೆ ಬರುತ್ತಾನೆ. ಕೈಯಲ್ಲೊಂದು ಹಳೇ ವಿಳಾಸ. ಬೈಕಿನವನು ಕರೆದೊಯ್ದು ನೀರು ತೋರಿಸುತ್ತಾನೆ. ಆ ಬೀದಿ ಈಗ ಅದರಡಿ! ತ್ರೀ ಗಾರ್ಜಸ್ ಅಣೆಕಟ್ಟಿನ ಕರಾಮತ್ತು ಅದು. ಅಳುವಿಲ್ಲ, ಭಾಷಣವಿಲ್ಲ. ಅವನು ಅಲ್ಲೇ ಮನೆ ಕೆಡವುವ ಕೂಲಿಗೆ ಸೇರಿಕೊಳ್ಳುತ್ತಾನೆ.

ಜಿಯಾನ ಕಸುಬುದಾರಿಕೆ ಇರುವುದು ಇಲ್ಲೇ. ಊರು ನಿಜವಾಗಿ ಕೆಡವಲ್ಪಡುತ್ತಿದ್ದಾಗಲೇ ಅಲ್ಲಿ ಕ್ಯಾಮೆರಾ ಇಟ್ಟ. ನಾಯಕ ಹಾನ್ ಸಾನ್‌ಮಿಂಗ್ ಅವನ ಸೋದರ ಸಂಬಂಧಿ, ಗಣಿಯಲ್ಲಿ ದುಡಿದವನು. ಸುತ್ತಿಗೆ ಹಿಡಿದ ಕೈ ನಟಿಸುತ್ತಿಲ್ಲ ಎಂಬುದು ಕಣ್ಣಿಗೇ ಗೊತ್ತಾಗುತ್ತದೆ. ನಡುವೆ ಒಂದು ಕಟ್ಟಡ ರಾಕೆಟ್ಟಿನಂತೆ ಹಾರಿಹೋಗುವ ದೃಶ್ಯ ಮಾತ್ರ ನನಗೆ ಅತಿ ಅನಿಸಿತು. ಆದರೆ ಅಜ್ಜಿಗೆ ಕೇಳಿದ್ದರೆ, ಊರಿಗೆ ಊರೇ ಎದ್ದುಹೋಗುವುದಕ್ಕಿಂತ ಅದೇನು ಹೆಚ್ಚು ಎನ್ನುತ್ತಿದ್ದಳೇನೋ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅವಳು ಬಯಲಿನತ್ತ ಕೈ ತೋರಿ, ‘ಅಲ್ಲಿತ್ತವ್ವಾ ನಮ್ಮ ಅಗಸಿ’ ಅನ್ನುತ್ತಿದ್ದಳು. ಅದನ್ನು ಚಿತ್ರ ಮಾಡಿದವರು ನಮ್ಮಲ್ಲಿ ನನಗೆ ಸಿಕ್ಕಿಲ್ಲ. ಫೋನು ಕೈಯಲ್ಲಿರುವ ಹುಡುಗ ಹುಡುಗಿಯರೇ, ಆ ತಲೆಮಾರಿನವರು ಇನ್ನೂ ಕೆಲವರಿದ್ದಾರೆ. ಈ ಬೇಸಿಗೆಯಲ್ಲೇ ಕೂಡಿಸಿಕೊಂಡು ಮಾತಾಡಿಸಿ.