ಫರ್ಮ್‌ವೇರೂ ಹಳಗನ್ನಡದ ೞಕಾರವೂ

ಈ ವಾರ ಹೊಸ ಬೋರ್ಡುಗಳ ಗುಣಾವಗುಣಗಳನ್ನು ವಿವೇಚಿಸುವೆನೆಂದು ಮಾತು ಕೊಟ್ಟಿದ್ದೆನಾದರೂ, ಗ್ರಾಂಟ್ ರೋಡ್ ನಿಲ್ದಾಣದಿಂದ ಪೂರ್ವಕ್ಕಿಳಿದು ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಸಾಲನ್ನು ಹೊಕ್ಕಾಗಲೆಲ್ಲ ಕಿವಿಗೆ ಬೀಳುವ ‘ಹೊಸ ಫರ್ಮ್‌ವೇರ್ ಹಾಕಿದ ಮೇಲೆ ಹಳೆಯದನ್ನೆಲ್ಲ ಅಳಿಸಿಬಿಡಿ’ ಎಂಬ ಉಪದೇಶವು, ಈ ಅಂಕಣದ ಓದುಗರು ಬಲ್ಲಂತೆ, ನನಗೆ ಬಹುಕಾಲದಿಂದ ಅಸಹ್ಯವಾಗಿರುವುದರಿಂದ, ಆ ಲೆಕ್ಕವನ್ನು ಮೊದಲು ತೀರಿಸದೆ ಲೇಖನಿ ಮುಂದಕ್ಕೆ ಸರಿಯದು.

ಅಳಿಸುವ ಪಂಥದವರ ಭಯವು ನಿರಾಧಾರವಾದುದೇನಲ್ಲ. ಮೀನಿನ ತೊಟ್ಟಿಯ ಉಷ್ಣನಿಯಂತ್ರಕವೊಂದು 25 ಡಿಗ್ರಿಯನ್ನು 250 ಎಂಬ ಸಂಖ್ಯೆಯಾಗಿ ಇಇಪ್ರಾಮಿನ ಮೊದಲ ಎರಡು ಬೈಟುಗಳಲ್ಲಿ, ಕಿರಿಯ ಬೈಟು ಮುಂದಾಗಿ, ಬರೆದಿಟ್ಟು, ಮೂರನೆಯದರಲ್ಲಿ 10 ನಿಮಿಷಗಳ ಅಂತರವನ್ನು ಇರಿಸಿದೆಯೆನ್ನಿ. ಹೊಸ ಫರ್ಮ್‌ವೇರ್ ಬರೆದ ಮಹಾನುಭಾವನು ಭಾಷೆಯ ಆಯ್ಕೆಗೆಂದು ಒಂದು ಬೈಟನ್ನು ತಲೆಯಲ್ಲಿಯೇ ಸೇರಿಸಿದನೆಂದರೆ, ಉಷ್ಣತೆಯ ಓದು ಒಂದು ಮನೆ ಜರುಗಿ, ಸೊನ್ನೆಯೂ ಹತ್ತೂ ಕೂಡಿ 2560 ಆಗುತ್ತದೆ. ಎಂದರೆ ಬಡಮೀನುಗಳಿಗೆ 256 ಡಿಗ್ರಿಯ ಶಾಸನ. ಇಲ್ಲಿ ಅಪರಾಧಿಯು ಹಳೆಯ ದತ್ತಾಂಶವಲ್ಲ, ಅದರ ಸ್ಥಾನವನ್ನು ಕಸಿದ ಹೊಸಬ. ತಲೆಯಲ್ಲಿ ಆವೃತ್ತಿಸಂಖ್ಯೆ, ಹೊಸ ಸಂಗತಿಗಳಿಗೆಲ್ಲ ಕೊನೆಯ ಸ್ಥಾನ, ಒಂದನೆಯ ಆವೃತ್ತಿಯಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೂರನೆಯದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಪರಿವರ್ತನೆ: ಇಷ್ಟಿದ್ದರೆ ಅಳಿಸುವ ಪ್ರಮೇಯವೇ ಬಾರದು. ತ್ರೀಡಿ ಪ್ರಿಂಟರುಗಳ ಮಾರ್ಲಿನ್ ಫರ್ಮ್‌ವೇರ್ ಆವೃತ್ತಿಯನ್ನೇನೋ ಪರೀಕ್ಷಿಸುತ್ತದೆ. ಆದರೆ ಹೊಂದದಿದ್ದರೆ ಉಳಿಸಿದ್ದನ್ನು ಬದಿಗೊತ್ತಿ ಮೂಲಮೌಲ್ಯಗಳಿಗೆ ಶರಣಾಗುತ್ತದೆ. ಅಲ್ಲಿ ಎಚ್ಚರವುಂಟು, ದಾಕ್ಷಿಣ್ಯವಿಲ್ಲ. ಇಎಸ್‌ಪಿ32ರ ಎನ್‌ವಿಎಸ್ ಭಂಡಾರವು ಪ್ರತಿಯೊಂದು ಮೌಲ್ಯವನ್ನೂ ಸ್ಥಾನದಿಂದಲ್ಲದೆ ಹೆಸರಿನಿಂದ ಗುರುತಿಸುವುದರಿಂದ ಹೆಚ್ಚು ಸುಸಂಸ್ಕೃತವಾದುದು.

ಆದರೆ ಸ್ಥಾನನಿಷ್ಠೆಯ ಪರಮೋದಾಹರಣೆಗಾಗಿ ಚಿಪ್ಪುಗಳತ್ತ ನೋಡಬೇಕಾದುದಿಲ್ಲ, ನಮ್ಮ ಅಕ್ಷರಮಾಲೆಯತ್ತ ನೋಡಿದರೆ ಸಾಕು. ಯೂನಿಕೋಡಿನ ಕನ್ನಡ ವಿಭಾಗದ 0ಸಿಡಿಇ ಎಂಬ ಮನೆಯಲ್ಲಿ ಹಳಗನ್ನಡದ ೞಕಾರವು ವಾಸವಾಗಿದ್ದು, ಅದರ ಬಾಗಿಲಿಗೆ ಪ್ರಮಾದವಶಾತ್ ‘ಎಫ್‌ಎ’ ಎಂಬ ಫಲಕ ತಗುಲಿದೆ. ತಪ್ಪೆಂದು ಲೋಕಕ್ಕೆಲ್ಲ ತಿಳಿದ ಮೇಲೂ ಆ ಫಲಕವನ್ನು ಕೀಳಲಿಲ್ಲ. ಒಮ್ಮೆ ಕೊಟ್ಟ ಸ್ಥಾನವನ್ನೂ ಹೆಸರನ್ನೂ ಬದಲಿಸಬಾರದೆಂಬ ವ್ರತವಿರುವುದರಿಂದ, ‘ಎಲ್‌ಎಲ್‌ಎಲ್‌ಎ’ ಎಂಬ ಅಧಿಕೃತ ಉಪನಾಮವನ್ನು ಅದರ ಪಕ್ಕದಲ್ಲಿ ತಂದಿರಿಸಿದರು. ಹೆಸರು ವಿಕಾರವಾಯಿತು, ನಿಜ. ಆದರೆ ಅದನ್ನು ನೆಚ್ಚಿ ಬರೆದ ಒಂದು ತಂತ್ರಾಂಶವೂ ಮುರಿಯಲಿಲ್ಲ.

ಹದಿಮೂರನೆಯ ಶತಮಾನದ ಕೇಶಿರಾಜನ ವಿವೇಕವೂ ಇದೇ ಜಾತಿಯದು. ಬಾೞೆಯು ಬಾಳೆಯಾಗಿ, ಕೋೞಿಯು ಕೋಳಿಯಾಗಿ ಜನರ ಬಾಯಲ್ಲಿ ೞಕಾರವು ಸವೆದುಹೋಗುತ್ತಿದ್ದ ಕಾಲದಲ್ಲಿ, ಆತನು ಹಳೆಯ ಓಲೆಗಳನ್ನು ಒರಸಿಬಿಡಿರೆಂದು ಹೇಳದೆ, ಯಾವ ಯಾವ ಶಬ್ದಗಳಲ್ಲಿ ಆ ಅಕ್ಷರವುಂಟೆಂದು ಶಬ್ದಮಣಿದರ್ಪಣದಲ್ಲಿ ಪಟ್ಟಿಮಾಡಿ ಕೊಟ್ಟನು. ಫರ್ಮ್‌ವೇರ್ ಬರೆಯುವ ತರುಣರಿಗೆ ನಾನು ವಿಧಿಸುವ ಮೊದಲ ಪಾಠ ಆ ಪಟ್ಟಿಯೇ. ಚಿಪ್ಪಿನ ಕೈಪಿಡಿಯನ್ನು ಆಮೇಲೆ ಓದಿಕೊಂಡರಾಯಿತು.