ಅಗಸೆ ಎಣ್ಣೆ ಮತ್ತು ದೇವರ ಕುರಿಮರಿ



ರೊಟ್ಟಿಯ ಜೊತೆ ಅಗಸಿ ಹಿಂಡಿಯನ್ನು ಸವಿದವರು ನಿಮ್ಮಲ್ಲಿ ಹಲವರಿರಬಹುದು. ಅದೇ ಅಗಸೆ ಬೀಜದ ಎಣ್ಣೆ ಯುರೋಪಿನ ಚಿತ್ರಕಲೆಗೆ ಹೊಸ ಕಾಂತಿಯನ್ನು ನೀಡಿತು. ಇದಕ್ಕೆ ಶ್ರೇಷ್ಠ ನಿದರ್ಶನ, ಬೆಲ್ಜಿಯಂ ದೇಶದ ಗೆಂಟ್ ನಗರದ ಸಂತ ಬಾವೋ ಪ್ರಧಾನಾಲಯದಲ್ಲಿರುವ 'ದೇವರ ಕುರಿಮರಿಯ ಆರಾಧನೆ' ಎಂಬ ಬಲಿಪೀಠದ ಚಿತ್ರ. ಹ್ಯೂಬರ್ಟ್ ಮತ್ತು ಯಾನ್ ವಾನ್ ಐಕ್ ಸೋದರರ ಈ ಕೃತಿ 1432ರಲ್ಲಿ ಪೂರ್ಣಗೊಂಡಿತು.

ತೈಲವರ್ಣವನ್ನು ಕಂಡುಹಿಡಿದವನೇ ಯಾನ್ ವಾನ್ ಐಕ್ ಎಂದು ಇಟಲಿಯ ವಸಾರಿ 1550ರಲ್ಲಿ ಬರೆದನು. ಆ ಮಾತು ಬಹುಕಾಲ ನಿಂತಿತು. ಆದರೆ ಅದು ನಿಜವಲ್ಲ. 12ನೆಯ ಶತಮಾನದಲ್ಲಿಯೇ ಥಿಯೋಫಿಲಸ್ ಎಂಬ ಸನ್ಯಾಸಿ, ಬಣ್ಣವನ್ನು ಅಗಸೆ ಎಣ್ಣೆಯಲ್ಲಿ ಅರೆಯುವ ಕ್ರಮವನ್ನು ವಿವರಿಸಿದ್ದಾನೆ. ಒಂದು ಲೇಪ ಒಣಗುವ ತನಕ ಮುಂದಿನದಕ್ಕೆ ಕಾಯಬೇಕಾದ ಬೇಸರವನ್ನೂ ಹೇಳಿಕೊಂಡಿದ್ದಾನೆ.

ಆತನಿಗೆ ಬೇಸರ ತಂದ ಆ ನಿಧಾನವನ್ನೇ ಬಲವಾಗಿಸಿಕೊಂಡದ್ದು ವಾನ್ ಐಕನ ಹಿರಿಮೆ ಎಂಬುದು ನನ್ನ ಅಭಿಪ್ರಾಯ. ನೀರು ಆವಿಯಾಗಿ ಒಣಗುತ್ತದೆ. ಅಗಸೆ ಎಣ್ಣೆ ಹಾಗಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು, ದಿನಗಟ್ಟಲೆ ಸಮಯ ತೆಗೆದುಕೊಂಡು, ಬಣ್ಣದ ಕಣಗಳನ್ನು ಬಂಧಿಸುವ ಗಟ್ಟಿ ಪೊರೆಯಾಗುತ್ತದೆ. ಅಂತಹ ತೆಳುವಾದ ಪದರಗಳನ್ನು ಒಂದರ ಮೇಲೊಂದು ಹರಡಿದಾಗ, ಬೆಳಕು ಅವುಗಳ ಮೂಲಕ ಒಳಹೊಕ್ಕು, ತಳದ ಬಿಳಿಯ ಲೇಪಕ್ಕೆ ತಾಗಿ ಮರಳಿ ಬರುತ್ತದೆ. ದೇವರ ಪಾದದ ಬಳಿಯಿರುವ ಕಿರೀಟದ ರತ್ನಗಳು ಇಂದಿಗೂ ಒಳಗಿನಿಂದಲೇ ಬೆಳಗುವಂತೆ ಕಾಣುವುದು ಇದರಿಂದ.

ಆದರೆ ಬೆಳಗಿಸಿದ ತೈಲವರ್ಣವೇ ಮರೆಮಾಡಲೂ ಬಲ್ಲದು. ಸುಮಾರು 1550ರಲ್ಲಿ ಯಾರೋ ಕುರಿಮರಿಯ ಮೇಲೆ ಹೊಸ ಬಣ್ಣ ಬಳಿದರು. 1951ರಲ್ಲಿ ಅದರ ಒಂದು ಭಾಗವನ್ನಷ್ಟೇ ತೆಗೆದುದರಿಂದ ಮೂಲ ಕಿವಿಗಳೂ ಕಾಣಿಸಿಕೊಂಡು, ಕುರಿಮರಿ ದಶಕಗಳ ಕಾಲ ನಾಲ್ಕು ಕಿವಿಗಳೊಡನೆ ನಿಂತಿತ್ತು! 2012ರಲ್ಲಿ ಆರಂಭವಾದ ಸಂರಕ್ಷಣಾ ಕಾರ್ಯದಲ್ಲಿ ಮೇಲುಬಣ್ಣವನ್ನು ತಾಳ್ಮೆಯಿಂದ ತೆಗೆದು, 2019ರಲ್ಲಿ ಮೂಲ ಮುಖವನ್ನು ಲೋಕಕ್ಕೆ ತೋರಿಸಲಾಯಿತು. ಮನುಷ್ಯನಂತೆ ನೇರವಾಗಿ ದಿಟ್ಟಿಸುವ ಆ ಕಣ್ಣುಗಳನ್ನು ಕಂಡು ಹಲವರು ನಕ್ಕರು. ನನಗೆ ನಗು ಬರಲಿಲ್ಲ. ಮೇಲೆ ಬಳಿದ ಮುಖ ಹುಲ್ಲುಗಾವಲಿನ ಸಾಧುಪ್ರಾಣಿಯದು. ಮೂಲ ಮುಖವಾದರೋ ಎದೆಯ ರಕ್ತವನ್ನು ಪಾನಪಾತ್ರೆಗೆ ಸುರಿಸುತ್ತಲೇ ನಮ್ಮನ್ನು ಪ್ರಶ್ನಿಸುವ ಬಲಿಯದು. ನೋಡುವವರಿಗೆ ಹಿತವಾಗುವಂತೆ ತಿದ್ದಿದವರು ಚಿತ್ರದ ಅರ್ಥವನ್ನೇ ಮುಚ್ಚಿದ್ದರು.

ಓದುಗರೇ, ಹಬ್ಬ ಹತ್ತಿರವಾದಾಗ ದೇವಾಲಯದ ಹಳೆಯ ಚಿತ್ರಗಳಿಗೂ ಸ್ವರೂಪಗಳಿಗೂ ಹೊಳೆಯುವ ಬಣ್ಣ ಬಳಿಸುವ ಆತುರ ನಮ್ಮಲ್ಲೂ ಉಂಟು. ನಾನೂ ಒಮ್ಮೆ ಹಾಗೆ ಮಾಡಿಸಿದವನೇ. ಆ ಹಳೆಯ ಮುಖವನ್ನು ಮತ್ತೆ ಕಾಣಲಾಗಲಿಲ್ಲ. ಮಾಸಿದುದೆಲ್ಲ ಕೆಟ್ಟದ್ದಲ್ಲ. ಕುಂಚವನ್ನು ಎತ್ತುವ ಮೊದಲು ಬಲ್ಲವರನ್ನು ಕೇಳೋಣ. ಅಗಸೆ ಎಣ್ಣೆ ಕಲಿಸುವಂತೆ, ಕಾಯೋಣ.