ಹಬ್ಬದ ಕರಪತ್ರ ಮತ್ತು ಅಮ್ಮನ ಲೆಕ್ಕದ ಪುಸ್ತಕ

2025ರ ದಸರಾ ವಾರದಲ್ಲಿ ಬಸವೇಶ್ವರನಗರದ ನಮ್ಮ ಮನೆಗೆ ಬೆಳಗಿನ ಪೇಪರಿನ ಜೊತೆ ಹದಿನೇಳು ಕರಪತ್ರಗಳು ಬಂದವು. ಎಣಿಸಿದ್ದು ಅಮ್ಮ. ನುಣುಪು ಕಾಗದ, ಅಡುಗೆಮನೆ ಕಪಾಟಿಗೆ ಹಾಸಲು ಚೆನ್ನಾಗಿರುತ್ತದೆ ಎಂದು ಎತ್ತಿಟ್ಟಿದ್ದಳು. ಫ್ರಿಜ್, ವಾಷಿಂಗ್ ಮಷಿನ್, ಟಿವಿ, ಮಿಕ್ಸಿ, ಗೀಸರ್. ಎಲ್ಲದರ ಮೇಲೂ ಅಂಬಾರಿ ಹೊತ್ತ ಆನೆಯ ಚಿತ್ರ, ಎಲ್ಲದರಲ್ಲೂ ಹಳದಿ ನಕ್ಷತ್ರದೊಳಗೆ ಕೆಂಪು ಅಂಕಿ. ಆ ವರ್ಷ ನಮ್ಮ ಮನೆಯ ಫ್ರಿಜ್ಜಿಗೆ ಹತ್ತೊಂಬತ್ತು ವರ್ಷ. ಅದರ ಬಾಗಿಲಿನ ರಬ್ಬರು ಸಡಿಲವಾಗಿ, ಮುಚ್ಚಿದ ಮೇಲೆ ಕುರ್ಚಿಯೊಂದನ್ನು ಒತ್ತಿಡಬೇಕಾಗಿತ್ತು. ಹಾಗಾಗಿ ಕಪಾಟಿಗೆ ಹಾಸುವ ಮೊದಲು ಆ ಕರಪತ್ರಗಳನ್ನು ನಾವಿಬ್ಬರೂ ಓದಿದೆವು.

ನಾನು ಡಿಗ್ರಿ ತರಗತಿಗಳಿಗೆ ಕನ್ನಡ ಪಾಠ ಮಾಡುವವನು. ಕೈಗೆ ಬಂದ ಯಾವ ಬರಹವನ್ನಾದರೂ ಪಠ್ಯ ಎಂದು ಕರೆಯುವುದು ನಮ್ಮ ವೃತ್ತಿಯ ಚಾಳಿ. ಒಂದು ಕರಪತ್ರವನ್ನು ತರಗತಿಗೆ ಒಯ್ದು, ಪದ್ಯವೊಂದನ್ನು ಓದುವಷ್ಟೇ ನಿಧಾನವಾಗಿ ಓದಿ ಎಂದು ವಿದ್ಯಾರ್ಥಿಗಳಿಗೆ ಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ್, ಇದರಲ್ಲಿ ಕ್ರಿಯಾಪದವೇ ಇಲ್ಲ” ಎಂದಳು. ನೋಡಿದರೆ ನಿಜ. ‘ಮಹಾ ಉಳಿತಾಯ’, ‘ಬಂಪರ್ ಆಫರ್’, ‘50% ವರೆಗೆ ರಿಯಾಯಿತಿ’, ‘ದಿನಕ್ಕೆ ರೂ. 92 ಮಾತ್ರ’. ಎಲ್ಲವೂ ನಾಮಪದಗಳ ಸಾಲು. ಇಡೀ ಹಾಳೆಯಲ್ಲಿ ಇದ್ದ ಒಂದೇ ಕ್ರಿಯಾಪದ ‘ತ್ವರೆ ಮಾಡಿ’. ಅಂಗಡಿಯವನು ಏನು ಮಾಡುತ್ತಾನೆ, ಬ್ಯಾಂಕು ಏನು ಮಾಡುತ್ತದೆ ಎನ್ನುವುದು ಎಲ್ಲೂ ಇಲ್ಲ. ಮಾಡಬೇಕಾದವರು ನಾವೊಬ್ಬರೇ.

ಆ ಹುಡುಗಿಯ ಮಾತಿನ ಜಾಡು ಹಿಡಿದು ಮನೆಗೆ ಬಂದು ಮತ್ತೆ ಓದಿದೆ. ಈ ಸಲ ಪಕ್ಕದಲ್ಲಿ ಅಮ್ಮನ ಹಳೆಯ ಲೆಕ್ಕದ ಪುಸ್ತಕಗಳಿದ್ದವು. ಅಪ್ಪ ರಾಜಾಜಿನಗರ ಇಂಡಸ್ಟ್ರಿಯಲ್ ಟೌನಿನ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುತ್ತಿದ್ದ ಕಾಲದಿಂದ ಅಮ್ಮ ಬರೆದಿಟ್ಟ ನೋಟ್‌ಬುಕ್‌ಗಳು ಅವು. ಎರಡೂ ಕಡೆ ಅವೇ ಪದಗಳಿರುವುದು ಕಂಡು ಬೆರಗಾಯಿತು. ಅರ್ಥ ಮಾತ್ರ ಬೇರೆ.

ಈ ‘ಮಾತ್ರ’ವನ್ನೇ ತೆಗೆದುಕೊಳ್ಳಿ. ಅಮ್ಮನ ಪುಸ್ತಕದಲ್ಲಿ ‘ಮಿಕ್ಸಿ, ಒಂದು ಸಾವಿರದ ನೂರ ಐವತ್ತು ರೂ. ಮಾತ್ರ’ ಎಂದಿದೆ. ರಸೀದಿ, ಚೆಕ್ಕು, ಪತ್ರಗಳಲ್ಲಿ ಮೊತ್ತದ ಕೊನೆಗೆ ‘ಮಾತ್ರ’ ಎಂದು ಬರೆಯುವುದು ಬೀಗ ಹಾಕಿದ ಹಾಗೆ. ಇಷ್ಟೇ, ಇದರ ಮುಂದೆ ಇನ್ನಾರೂ ಏನನ್ನೂ ಸೇರಿಸಬಾರದು ಎಂದು ಅರ್ಥ. ಕರಪತ್ರದ ‘ಮಾತ್ರ’ಕ್ಕೆ ಆ ಹೊಣೆಯಿಲ್ಲ. ಅಲ್ಲಿ ಅದು ‘ಇಷ್ಟು ಅಗ್ಗವೇ!’ ಎಂಬ ಉದ್ಗಾರ. ಜೊತೆಗೆ ಅದರ ಮುಂದೆ ಎಷ್ಟು ಬೇಕಾದರೂ ಸೇರುತ್ತದೆ: ಪ್ರೋಸೆಸಿಂಗ್ ಶುಲ್ಕ, ಸ್ಟೆಬಿಲೈಸರ್, ಹೆಚ್ಚುವರಿ ವಾರಂಟಿ. ಬೀಗವಾಗಿದ್ದ ಪದ ಬಾಗಿಲಾಗಿದೆ.

‘ವರೆಗೆ’ ಎಂಬುದನ್ನು ಗಮನಿಸಿ. ‘50%’ ಅಂಗೈಯಗಲ ಇದ್ದರೆ ‘ವರೆಗೆ’ ಸಾಸಿವೆ ಕಾಳಿನಷ್ಟು. ವ್ಯಾಕರಣದಲ್ಲಿ ಅದು ಎಲ್ಲೆಯನ್ನು ಹೇಳುವ ಪದ. ಇಲ್ಲಿ ವಾಕ್ಯದ ಸತ್ಯವೆಲ್ಲ ಆ ಸಾಸಿವೆ ಕಾಳಿನಲ್ಲಿದೆ. ಅಂಗಡಿಯಲ್ಲಿ ಒಂದೇ ಒಂದು ಇಸ್ತ್ರಿಪೆಟ್ಟಿಗೆಗೆ ಐವತ್ತು ಪರ್ಸೆಂಟ್ ಕಡಿತವಿದ್ದು ಉಳಿದದ್ದಕ್ಕೆಲ್ಲ ಐದೇ ಇದ್ದರೂ ಆ ವಾಕ್ಯ ಸುಳ್ಳಾಗುವುದಿಲ್ಲ. ಗೀಟು ಹೊಡೆದ ಬೆಲೆಯೂ ಇಂಥದೇ. ಎಂಆರ್‌ಪಿ ಎಂದರೆ ಎಲ್ಲ ತೆರಿಗೆ ಸೇರಿ ಮಾರಬಹುದಾದ ಗರಿಷ್ಠ ಬೆಲೆ. ಆ ಬೆಲೆಗೆ ಯಾರಾದರೂ ಎಂದಾದರೂ ಕೊಂಡಿದ್ದಾರೆಂದು ಅದು ಹೇಳುವುದಿಲ್ಲ. ಆದರೆ ಅದರ ಮೇಲೆ ಗೀಟು ಎಳೆದ ಕೂಡಲೇ, ನಿನ್ನೆಯವರೆಗೂ ಜನ ಅಷ್ಟು ಕೊಟ್ಟು ಕೊಳ್ಳುತ್ತಿದ್ದರು ಎಂಬ ಒಂದು ಕತೆ ತಾನಾಗಿಯೇ ಹುಟ್ಟುತ್ತದೆ. ಒಂದೇ ಗೀಟಿನಲ್ಲಿ ಕತೆ ಹುಟ್ಟಿಸುವುದು ಸಾಮಾನ್ಯ ಪ್ರತಿಭೆಯಲ್ಲ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ‘ಉಳಿತಾಯ’. ಅಮ್ಮನ ಪುಸ್ತಕದಲ್ಲಿ ಅದು ತಿಂಗಳ ಕೊನೆಯ ಸಾಲು. ಬಂದದ್ದರಲ್ಲಿ ಹೋದದ್ದನ್ನು ಕಳೆದು ಮನೆಯಲ್ಲಿ ಉಳಿದದ್ದು. ಎಷ್ಟೋ ತಿಂಗಳು ಆ ಸಾಲು ಖಾಲಿ. ಒಂದು ಕಡೆ ‘ರೂ. 14’ ಎಂದಿದೆ. ಕರಪತ್ರದಲ್ಲಿ ಉಳಿತಾಯ ಖರ್ಚಿನಿಂದಲೇ ಹುಟ್ಟುತ್ತದೆ. 36,990ರ ಫ್ರಿಜ್ 27,490ಕ್ಕೆ ಕೊಂಡರೆ ‘ನಿಮ್ಮ ಉಳಿತಾಯ ರೂ. 9,500’. ಹೆಚ್ಚು ಕೊಂಡಷ್ಟೂ ಹೆಚ್ಚು ಉಳಿತಾಯ. ಆದರೆ ಆ ಒಂಬತ್ತೂವರೆ ಸಾವಿರ ಯಾವ ಡಬ್ಬಿಯಲ್ಲೂ ಇರುವುದಿಲ್ಲ.

ಹೀಗೆಂದ ಮಾತ್ರಕ್ಕೆ ಹಬ್ಬದ ಖರೀದಿಯನ್ನೇ ಗೇಲಿ ಮಾಡುವುದು ನನ್ನಿಂದಾಗದು. ನಮ್ಮ ಕಡೆ ಅದಕ್ಕೆ ಬೇರೊಂದು ಬೇರಿದೆ. 1965ರ ಬೋನಸ್ ಪಾವತಿ ಕಾಯಿದೆಯಂತೆ, ಅದಕ್ಕೆ ಒಳಪಡುತ್ತಿದ್ದ ಕಾರ್ಖಾನೆಗಳು ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಕನಿಷ್ಠ 8.33% ಬೋನಸ್ ಕೊಡಬೇಕಿತ್ತು. ಮಾರ್ಚಿಗೆ ವರ್ಷ ಮುಗಿಸುವವರಿಗೆ ಅದು ನವೆಂಬರಿನ ಗಡುವು. ಹಾಗಾಗಿ ದಸರಾ, ದೀಪಾವಳಿಯ ಆಸುಪಾಸಿನಲ್ಲೇ ಕೈಗೆ ಸಿಗುತ್ತಿತ್ತು. ರಾಜಾಜಿನಗರ, ಕಾಮಾಕ್ಷಿಪಾಳ್ಯದ ಸಾವಿರಾರು ಮನೆಗಳಲ್ಲಿ ಮಿಕ್ಸಿ, ಗ್ರೈಂಡರ್ ಬಂದದ್ದು ಈ ದುಡ್ಡಿನಲ್ಲಿ. ನಮ್ಮ ಮಿಕ್ಸಿಯೂ ಹಾಗೆಯೇ ಬಂತು. ರುಬ್ಬುಗುಂಡಿನ ಮುಂದೆ ಕೂತಿದ್ದ ಅಮ್ಮನ ಬೆನ್ನುನೋವಿಗೂ ಆ ಬೋನಸ್ಸಿಗೂ ಇದ್ದ ಸಂಬಂಧವನ್ನು ನಾನು ಮರೆತರೆ ನನ್ನ ವಿಮರ್ಶೆಗೆ ಅರ್ಥವಿಲ್ಲ.

ಬದಲಾದದ್ದು ಹಬ್ಬದ ದಿಕ್ಕು. ಆಯುಧಪೂಜೆಯ ದಿನ ಅಪ್ಪ ಲೇತ್ ನಿಲ್ಲಿಸಿ, ಒರೆಸಿ, ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು, ಕಡ್ಲೆಪುರಿ ಪೊಟ್ಟಣ ಹಿಡಿದು ಮನೆಗೆ ಬರುತ್ತಿದ್ದರು. ಅಮ್ಮ ಇಳಿಗೆಮಣೆಯಿಂದ ಹೊಲಿಗೆ ಯಂತ್ರದವರೆಗೆ ಎಲ್ಲಕ್ಕೂ ಹೂವಿಡುತ್ತಿದ್ದಳು. ಇರುವ ವಸ್ತುವಿಗೆ ಕೈಮುಗಿಯುವ ದಿನ ಅದು. ಈಗ ಅದೇ ದಿನ ಇಲ್ಲದ ವಸ್ತುವಿನ ಚಿತ್ರ ಬಾಗಿಲಿಗೆ ಬರುತ್ತದೆ. ಹಬ್ಬವಿಲ್ಲದ ಕಡೆ ಹಬ್ಬ ಮಾಡುವುದನ್ನೂ ಮಾರುಕಟ್ಟೆ ಕಲಿತಿದೆ. 2006ರ ಜನವರಿ 26ರಂದು ಬಿಗ್ ಬಜಾರ್ ಗಣರಾಜ್ಯೋತ್ಸವದ ರಜೆಯನ್ನೇ ಅಗ್ಗದ ದಿನವಾಗಿಸಿತು. 2014ರ ಅಕ್ಟೋಬರ್ 6ರಂದು ನಮ್ಮ ಬೆಂಗಳೂರಿನದೇ ಫ್ಲಿಪ್‌ಕಾರ್ಟ್ ‘ಬಿಗ್ ಬಿಲಿಯನ್ ಡೇ’ ನಡೆಸಿ, ನೂಕುನುಗ್ಗಲು ತಡೆಯಲಾಗದೆ ಮರುದಿನ ಗ್ರಾಹಕರ ಕ್ಷಮೆ ಕೇಳಿತು.

ಈ ಹೊಸ ದಿಕ್ಕನ್ನು ನಮ್ಮ ಸಾಹಿತ್ಯ ಹಿಡಿದಿದೆಯೇ? ಎಲ್ಲರಿಗೂ ಮೊದಲು ನೆನಪಾಗುವುದು ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013). ಇರುವೆ ಕಾಟದ ಸಣ್ಣ ಮನೆ, ಸೇಲ್ಸ್‌ಮನ್ ಅಪ್ಪ, ಪೈಸೆ ಪೈಸೆಯ ಲೆಕ್ಕ. ಆಮೇಲೆ ಚಿಕ್ಕಪ್ಪನ ಸೋನಾ ಮಸಾಲ, ದೊಡ್ಡ ಮನೆ, ಅದರ ತುಂಬ ಒಂದಕ್ಕೊಂದು ಹೊಂದದ ಸಾಮಾನು. ಕೊರತೆಯಲ್ಲಿ ಒಟ್ಟಿಗಿದ್ದವರನ್ನು ಹಣ ಹೇಗೆ ಗಂಟುಗಂಟಾಗಿಸುತ್ತದೆ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಕೃತಿಗಳು ಕನ್ನಡದಲ್ಲಿ ಅಪರೂಪ. ಆದರೂ ಅದನ್ನು ಇಂದು ಪಾಠ ಮಾಡುವಾಗ ನನಗೊಂದು ವ್ಯತ್ಯಾಸ ಕಾಣುತ್ತದೆ. ಅಲ್ಲಿ ಮೊದಲು ಹಣ ಬಂತು, ಹಿಂದಿನಿಂದ ಸಾಮಾನು ಬಂತು. ನನ್ನ ವಿದ್ಯಾರ್ಥಿಗಳ ಮನೆಗಳಲ್ಲಿ ಮೊದಲು ಸಾಮಾನು ಬರುತ್ತದೆ. ಹಣ ಹತ್ತು ಹನ್ನೆರಡು ತಿಂಗಳು ಅದರ ಹಿಂದೆ ಓಡುತ್ತಿರುತ್ತದೆ. ಬಡತನದ ಲೆಕ್ಕದ ಪುಸ್ತಕವೂ ಇಲ್ಲದ, ಸಿರಿವಂತಿಕೆಯ ನಿಶ್ಚಿಂತೆಯೂ ಇಲ್ಲದ ಈ ಮೂರನೆಯ ಸ್ಥಿತಿ, ಅಂದರೆ ಕಂತಿನ ಸ್ಥಿತಿ, ತನ್ನ ಕತೆಗಾರರಿಗಾಗಿ ಕಾಯುತ್ತಿದೆ. ಅದರ ಭಾಷೆಯನ್ನು ಸದ್ಯಕ್ಕೆ ಕರಪತ್ರವೊಂದೇ ಬರೆಯುತ್ತಿದೆ.

ನವರಾತ್ರಿಯ ಭಾನುವಾರ ಮಾಗಡಿ ರಸ್ತೆ ದಾಟಿ ವಿಜಯನಗರದ ಅಂಗಡಿಯೊಂದಕ್ಕೆ ಹೋದೆವು. ಹೊಸ ಜಿಎಸ್‌ಟಿ ದರ ಜಾರಿಯಾಗಿ ವಾರವೂ ಆಗಿರಲಿಲ್ಲ. “ತೆರಿಗೆ ಇಳಿದಿದೆಯಂತಲ್ಲಪ್ಪಾ, ಎಷ್ಟು ಕಡಿಮೆ ಆಯ್ತು?” ಎಂದು ಅಮ್ಮ ಕೇಳಿದಳು. “ಅದು ಎಸಿಗೆ, ದೊಡ್ಡ ಟಿವಿಗೆ ಅಮ್ಮಾ. ಫ್ರಿಜ್ಜಿಗೆ ಮೊದಲಿಂದಲೂ ಹದಿನೆಂಟೇ” ಎಂದ ಸೇಲ್ಸ್‌ನ ಹುಡುಗ. ನಿಜ ಹೇಳಿದ. ಎಸಿ, ಮೂವತ್ತೆರಡು ಇಂಚಿಗಿಂತ ದೊಡ್ಡ ಟಿವಿ 28ರಿಂದ 18ಕ್ಕೆ ಇಳಿದದ್ದು 2025ರ ಸೆಪ್ಟೆಂಬರ್ 22ಕ್ಕೆ. ಫ್ರಿಜ್, ವಾಷಿಂಗ್ ಮಷಿನ್‌ಗಳು 2018ರ ಜುಲೈಯಲ್ಲೇ ಇಳಿದಿದ್ದವು.

27,490ರ ಫ್ರಿಜ್ಜನ್ನು ತಿಂಗಳಿಗೆ 2,749ರ ಹತ್ತು ಕಂತಿನಲ್ಲಿ, ಬಡ್ಡಿಯಿಲ್ಲದೆ ಕೊಡುವುದಾಗಿ ಹೇಳಿದ. ಪ್ರೋಸೆಸಿಂಗಿಗೆ 499. “ಈಗಲೇ ದುಡ್ಡು ಕೊಟ್ಟರೆ?” ಎಂದಳು ಅಮ್ಮ. ಹುಡುಗ ಒಳಗೆ ಹೋಗಿ ಬಂದು, “26,300” ಎಂದ. ಅಂದರೆ ಶೂನ್ಯ ಬಡ್ಡಿಯ ಬೆಲೆ 1,689 ರೂಪಾಯಿ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲ ಎಂಬರ್ಥದ ಮಾತನ್ನು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನ ಸುತ್ತೋಲೆಯೊಂದರಲ್ಲಿ ಬ್ಯಾಂಕುಗಳಿಗೆ ತಿಳಿಸಿತ್ತು. ಬಡ್ಡಿ ಬೇರೆ ಹೆಸರಿನಲ್ಲಿ ಅಡಗಿರುತ್ತದೆ ಎಂದೂ. ನಾನು ಓದಿದ ವಿಮರ್ಶೆಯ ಸಾಲುಗಳಲ್ಲಿ ಅತ್ಯಂತ ಚುರುಕಾದದ್ದು ಅದೇ ಇರಬೇಕು. ಅಮ್ಮ ಆ ಸುತ್ತೋಲೆ ಓದಿರಲಿಲ್ಲ. ಒಂದೇ ಪ್ರಶ್ನೆಯಲ್ಲಿ ಅಲ್ಲಿಗೆ ತಲುಪಿದಳು.

ಆಮೇಲೆ ಬಂದದ್ದು ‘ಎಕ್ಸ್‌ಚೇಂಜ್’. ಹಳೆಯ ಫ್ರಿಜ್ ಕೊಟ್ಟರೆ ಇನ್ನೂ ಎರಡು ಸಾವಿರ ಕಡಿಮೆ. ನಾನು ಹೂಂ ಎನ್ನುವಷ್ಟರಲ್ಲಿ ಅಮ್ಮ, “ಅದನ್ನ ಕೊಡ್ತೀನಿ ಅಂತ ಹೇಳಾಗಿದೆ” ಎಂದಳು. ನಮ್ಮ ಮನೆಗೆಲಸಕ್ಕೆ ಬರುವಾಕೆಗೆ ಯುಗಾದಿಯಲ್ಲೇ ಮಾತು ಕೊಟ್ಟಿದ್ದಳಂತೆ. ಕುರ್ಚಿ ಒತ್ತಿಟ್ಟ ಆ ಫ್ರಿಜ್ಜಿಗಾಗಿ ಎರಡು ಸಾವಿರ ಬಿಡುವುದೇ? ಅಂಗಡಿಯ ನಡುವೆಯೇ ಅಮ್ಮನೊಡನೆ ವಾದಕ್ಕಿಳಿದೆ. ಗುಜರಿಗೆ ಹಾಕಿದರೂ ಅಷ್ಟು ಬರುವುದಿಲ್ಲ, ಬೇಕಾದರೆ ಆಕೆಗೆ ಐನೂರು ಕೊಡೋಣ ಎಂದೆ. ಅಮ್ಮ ನನ್ನ ಮುಖ ನೋಡಿ, “ಆ ಪೇಪರಿನವರ ಥರಾನೇ ಮಾತಾಡ್ತಿದೀಯ ಕಣೋ” ಎಂದಳು. ಒಂದು ವಾರ ಕರಪತ್ರದ ಭಾಷೆಯನ್ನು ಬಿಡಿಸಿ ತೋರಿಸಿದವನ ಬಾಯಲ್ಲಿ ಅದೇ ಭಾಷೆ ಸರಾಗವಾಗಿ ಬಂದಿತ್ತು.

ವಿನಿಮಯ ನಮ್ಮ ಬೀದಿಗಳಿಗೆ ಹೊಸದೇನಲ್ಲ. ತಲೆಯ ಮೇಲೆ ಸ್ಟೀಲ್ ಪಾತ್ರೆಗಳ ಬುಟ್ಟಿ ಹೊತ್ತು ಬರುತ್ತಿದ್ದ ಹೆಂಗಸರು ಹಳೆಯ ಬಟ್ಟೆಗೆ ಡಬ್ಬಿ, ಲೋಟ ಕೊಡುತ್ತಿದ್ದರು. ಆಕೆ ಜರಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ಅಮ್ಮ ಲೋಟವನ್ನು ತಟ್ಟಿ ದನಿ ಕೇಳಬೇಕು. ನಡುವೆ ಒಂದು ಲೋಟ ಕಾಫಿ. ಆ ವಿನಿಮಯದಲ್ಲಿ ಇಬ್ಬರೂ ಎರಡೂ ವಸ್ತುಗಳನ್ನು ಮುಟ್ಟುತ್ತಿದ್ದರು. ಕರಪತ್ರದ ಎಕ್ಸ್‌ಚೇಂಜಿನಲ್ಲಿ ನಮ್ಮ ಫ್ರಿಜ್ಜನ್ನು ಯಾರೂ ನೋಡುವುದಿಲ್ಲ. ಕೆಟ್ಟಿದ್ದರೂ ಎರಡು ಸಾವಿರ, ಓಡುತ್ತಿದ್ದರೂ ಎರಡು ಸಾವಿರ. ಅದು ಇನ್ನೊಬ್ಬರಿಗೆ ಬೇಕಾಗಿರಬಹುದು ಎಂಬುದಕ್ಕೆ ಆ ಹಾಳೆಯಲ್ಲಿ ಪದವಿಲ್ಲ.

26,300 ಕೊಟ್ಟು ಬಂದೆವು. ಇಲ್ಲಿಗೆ ನಿಲ್ಲಿಸಿದರೆ ಅಮ್ಮ ದೊಡ್ಡವಳಾಗಿ ಕತೆ ಮುಗಿಯುತ್ತಿತ್ತು. ಆದರೆ ಫ್ರಿಜ್ ನೋಡಲು ಬಂದ ಆಕೆ ಕೇಳಿದ ಮೊದಲ ಪ್ರಶ್ನೆ, “ಕರೆಂಟ್ ಎಷ್ಟು ಎಳೆಯುತ್ತಮ್ಮ?” ಗೃಹಜ್ಯೋತಿಯಲ್ಲಿ 200 ಯೂನಿಟ್ ಎಂಬುದು ಹೊರಗಿನ ಮಿತಿ, ಒಳಗೆ ಪ್ರತಿ ಮನೆಗೂ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾದ ಉಚಿತ ಯೂನಿಟ್‌ಗಳಿವೆ. ಅದನ್ನು ಮೀರಿದರೆ ಬಿಲ್ಲು. ಈವರೆಗೆ ಫ್ರಿಜ್ಜೇ ಇಲ್ಲದ ಮನೆಯ ಸರಾಸರಿ ಎಷ್ಟಿದ್ದೀತು? ಅಮ್ಮನ ಬಳಿ ಉತ್ತರವಿರಲಿಲ್ಲ. ಹೊಸ ಫ್ರಿಜ್ಜಿನ ಬಾಗಿಲಲ್ಲಿ ನಕ್ಷತ್ರಗಳ ಕೆಳಗೆ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಸರ್ಕಾರದ ಲೇಬಲ್ ಹೇಳುತ್ತದೆ. ಆ ಅಂಗಡಿಯಲ್ಲಿ ನಾನು ಕಂಡ ಏಕೈಕ ನೇರ ಗದ್ಯ ಅದು. ಹಳೆಯದರ ಮೇಲೆ ಅಂಥ ಲೇಬಲ್ಲೂ ಇರಲಿಲ್ಲ. ನಾವು ದಾನವೆಂದುಕೊಂಡದ್ದರಲ್ಲೂ ‘ಷರತ್ತುಗಳು ಅನ್ವಯ’ ಎಂಬ ಸಣ್ಣಕ್ಷರ ಇತ್ತು. ಓದಿದ್ದು ಆಕೆ ಒಬ್ಬಳೇ.

ನಾಲ್ಕು ದಿನ ಯೋಚಿಸಿ ಆಕೆ ಹೂಂ ಎಂದಳು. ರಬ್ಬರು ಬದಲಾಯಿಸುವ ಖರ್ಚು ನನ್ನದು ಎಂದು ನಾನೇ ಒಪ್ಪಿಕೊಂಡೆ. ಅಂಗಡಿಯಲ್ಲಿ ಆಡಿದ ಮಾತಿಗೆ ಅಷ್ಟಾದರೂ ತೆರಬೇಕಿತ್ತು. ಮಗ ಲಗೇಜ್ ಆಟೋ ತಂದು ಕಾಮಾಕ್ಷಿಪಾಳ್ಯಕ್ಕೆ ಒಯ್ದ. ಆಕೆ ಸಂಜೆ ಹೊತ್ತು ಹೂ ಕಟ್ಟಿ ಮಾರುತ್ತಾಳೆ ಎಂಬುದು ನನಗೆ ಆಗ ಗೊತ್ತಾದದ್ದು. ದೀಪಾವಳಿ ಕಳೆದ ಮೇಲೆ ಅಮ್ಮ ಕರೆಂಟ್ ಬಿಲ್ಲಿನ ಬಗ್ಗೆ ವಿಚಾರಿಸಿದಳು. ಬಿಲ್ಲು ಬಂದಿದೆ, ಆದರೂ ಪರವಾಗಿಲ್ಲ ಎಂದಳಂತೆ ಆಕೆ. ಮೊದಲೆಲ್ಲ ರಾತ್ರಿ ಮಿಕ್ಕ ಮಲ್ಲಿಗೆಯನ್ನು ಎಸೆಯಬೇಕಾಗುತ್ತಿತ್ತು; “ಈಗ ಬೆಳಿಗ್ಗೆಗೆ ಉಳೀತದಮ್ಮ.”

ಅಮ್ಮ ಅದನ್ನು ನನಗೆ ಹೇಳಿದ್ದು ಅಡುಗೆಮನೆಯಲ್ಲಿ, ಕಪಾಟಿಗೆ ಕರಪತ್ರಗಳನ್ನು ಹಾಸುತ್ತಾ. ಅಕ್ಷರದ ಬದಿ ಕೆಳಗೆ.